ಕೇಳದೆ ಕೊಟ್ಟ ಆಸ್ಪತ್ರೆ

"ಯಾವಳದು ಈ ಕೂದಲು?"

ಸೂಪರ್‌ವೈಸರ್ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ಗೇಣುದ್ದದ ಒಂದು ಕೂದಲು. ಒದ್ದೆ ನೆಲದ ಮೇಲೆ ಮಂಡಿಯೂರಿ ಉಜ್ಜುತ್ತಿದ್ದ ನಾವು ಐದು ಜನ ಹೆಂಗಸರು ತಲೆ ಎತ್ತಿ ನೋಡಿದೆವು.

"ನಿಮ್ಮನ್ನೇ ಕೇಳ್ತಿರೋದು, ಲೌಡಿಗಳಾ. ಹೆರಿಗೆ ವಾರ್ಡಲ್ಲಿ ಕೂದಲು ಎಲ್ಲಿಂದ ಬಂತು? ಯಾವ ಮುಂಡೆ ಇಲ್ಲಿ ಬಂದು ಹೆತ್ತು ಹೋದ್ಲು?"

ಯಾರೂ ಹೆತ್ತಿರಲಿಲ್ಲ. ಆಸ್ಪತ್ರೆ ಕಟ್ಟಿ ಮುಗಿದು ಎಂಟು ತಿಂಗಳಾಗಿತ್ತು. ಇನ್ನೂರು ಹಾಸಿಗೆ, ನಾಲ್ಕು ಆಪರೇಷನ್ ಕೋಣೆ, ಯಾರೂ ಹತ್ತದ ಲಿಫ್ಟು. ಅಲ್ಲಿಯತನಕ ಒಬ್ಬ ರೋಗಿಯೂ ಒಳಗೆ ಕಾಲಿಟ್ಟಿರಲಿಲ್ಲ. ಕಟ್ಟಿಸಿಕೊಟ್ಟ ದೇಶದ ಮಂತ್ರಿ ಬಂದು ಟೇಪು ಕತ್ತರಿಸಬೇಕಿತ್ತು. ಆತ ಬರುವ ದಿನ ಮೂರು ಸಲ ಗೊತ್ತಾಗಿ, ಮೂರು ಸಲವೂ ಮುಂದೆ ಹೋಗಿತ್ತು. ಯಾವಾಗ ಬೇಕಾದರೂ ಬಂದಾನು ಎಂದು ನಾವು ಬೆಳಗ್ಗೆಯಿಂದ ಸಂಜೆಯವರೆಗೆ ಯಾರೂ ತುಳಿಯದ ನೆಲ ಒರೆಸುತ್ತಿದ್ದೆವು. ಯಾರೂ ಮಲಗದ ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆಯಿಂದ ಧೂಳು ತೆಗೆಯುತ್ತಿದ್ದೆವು. ನಮ್ಮ ಹೆಜ್ಜೆ ಗುರುತನ್ನು ನಾವೇ ಒರೆಸಿಕೊಳ್ಳುತ್ತ ಹಿಂದಕ್ಕೆ ಸರಿದು ಬಾಗಿಲು ಸೇರಿದೆವೆಂದರೆ ಆ ದಿನದ ಕೆಲಸ ಮುಗಿಯಿತು.

"ನಂದು ಸಾರ್," ಎಂದಳು ನನ್ನ ಸೊಸೆ.

ಕೂದಲು ಅವಳದಲ್ಲ. ಕೂದಲು ಬಿದ್ದವರಿಗೆ ಶಿಕ್ಷೆಯೆಂದರೆ ಅರ್ಧ ಗಂಟೆ ಗೋಡೆಗೆ ಮುಖ ಮಾಡಿ ನಿಲ್ಲುವುದು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಹೊಟ್ಟೆ ಹೊತ್ತು ಮಂಡಿಯೂರುವುದಕ್ಕಿಂತ ನಿಲ್ಲುವುದು ಹಗುರ. ವಾರಕ್ಕೆ ಮೂರು ಕೂದಲನ್ನಾದರೂ ಅವಳು ತನ್ನದೆಂದು ಒಪ್ಪಿಕೊಳ್ಳುತ್ತಿದ್ದಳು. ಕೆಲವನ್ನು ನಾವೇ ಕಿತ್ತು ಉದುರಿಸುತ್ತಿದ್ದೆವು.

ಸೂಪರ್‌ವೈಸರನಿಗೆ ನಾವಿಟ್ಟ ಹೆಸರು ಕೂದಲಪ್ಪ. ಅವನ ತಲೆ ಪೂರ್ತಿ ಬೋಳು. ಅವನಿಗೆ ಇದ್ದ ದೊಡ್ಡ ಚಿಂತೆಯೆಂದರೆ ಕಟ್ಟಡ ಹಳತಾಗಬಾರದು ಎನ್ನುವುದು. ಅಲ್ಲಿ ಅರವತ್ತು ಕಕ್ಕಸುಗಳಿದ್ದವು. ಅರವತ್ತನ್ನೂ ದಿನಾ ತೊಳೆಯುತ್ತಿದ್ದವರು ನಾವು. ನಮಗೆ ಅವಸರವಾದರೆ ಮಾತ್ರ ಕಾಂಪೌಂಡಿನ ಮೂಲೆಗೆ, ಒಡೆದ ಟೈಲ್ಸಿನ ರಾಶಿಯ ಮರೆಗೆ ಹೋಗಬೇಕು. ನೀವು ಒಂದು ಸಲ ಕೂತರೆ ಅದು ಉಪಯೋಗಿಸಿದ ಮಾಲಾಗುತ್ತದೆ ಎಂದು ಅವನು ನಮಗೆ ಸಮಾಧಾನವಾಗಿಯೇ ತಿಳಿಸಿ ಹೇಳಿದ್ದ.

ಆ ಜಾಗದಲ್ಲಿ ಮೊದಲು ನಮ್ಮ ಕೇರಿ ಇತ್ತು. ಪಟ್ಟಣದ ಕಕ್ಕಸು ಗುಂಡಿ ಬಳಿಯುವ, ಚರಂಡಿ ಬಾಚುವ ಜನರ ಎಂಬತ್ತು ಮನೆ. ಕೇರಿಯ ತುದಿಗೆ ತಗಡಿನ ಮಾಡಿನ, ಎರಡೇ ಕೋಣೆಯ ಒಂದು ದವಾಖಾನೆ. ಅದನ್ನು ನಡೆಸುತ್ತಿದ್ದವರು ಹಳೇ ದೇಶದವರು. ಹಳೇ ದೇಶ, ಹೊಸ ದೇಶ ಎನ್ನುವುದು ನಮ್ಮ ಕೇರಿಯ ಮಾತು. ನಮ್ಮ ಅಜ್ಜಿಯ ಕಾಲದಿಂದ ನಮಗೆ ಕೊಡುತ್ತ ಬಂದದ್ದು ಹಳೇ ದೇಶ. ಮೊನ್ನೆ ಮೊನ್ನೆಯವರೆಗೆ ನಮ್ಮ ಹಾಗೇ ಕೈಯೊಡ್ಡಿಕೊಂಡಿದ್ದು, ಈಗೀಗ ತಾನೇ ಕೊಡಲು ಶುರು ಮಾಡಿದ್ದು ಹೊಸ ದೇಶ.

ಹಳೇ ದೇಶದವರು ಕೊಡುತ್ತಿದ್ದುದು ಚೂರು, ಕೇಳುತ್ತಿದ್ದುದು ರಾಶಿ. ಆರು ತಿಂಗಳಿಗೊಮ್ಮೆ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬರುತ್ತಿದ್ದರು. ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೀರಿ, ಗಂಡ ಹೊಡೆಯುತ್ತಾನೆಯೆ, ಹೊಡೆದರೆ ಯಾವುದರಿಂದ, ಮನೆಯಲ್ಲಿ ತೀರ್ಮಾನ ಯಾರದು. ಒಂದು ಸಲ ಒಬ್ಬ ಹುಡುಗಿ ನನ್ನನ್ನು ಎದುರು ಕೂರಿಸಿಕೊಂಡು, ನಿಮ್ಮ ಬದುಕು ನಿಮ್ಮ ಕೈಯಲ್ಲಿದೆ ಅನ್ನಿಸುತ್ತದೆಯೆ, ಒಂದರಿಂದ ಐದರೊಳಗೆ ಹೇಳಿ ಎಂದಳು. ಬೆಳಗ್ಗಿನಿಂದ ಬಿಸಿಲಲ್ಲಿ ತಿರುಗಿ ಪಾಪ ಅವಳ ಮುಖ ಬಾಡಿತ್ತು. ಮೂರು ಎಂದೆ. ಮುಂದಿನ ಸಲ ಬಂದಾಗ ನಾಲ್ಕು ಎಂದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ತಿಂಗಳೊಳಗೆ ದವಾಖಾನೆಗೆ ಹೊಸ ಬೋರ್ಡು ಬಂತು. ಔಷಧಿ ಮೊದಲಿನಷ್ಟೇ ಇತ್ತು.

ಆದರೂ ಅಲ್ಲಿ ಒಬ್ಬಳು ನರ್ಸಮ್ಮ ಇದ್ದಳು. ಪಟ್ಟಣದ ಆಸ್ಪತ್ರೆಯಲ್ಲಿ ನಮ್ಮ ಕೇರಿಯವರ ನಾಡಿಯನ್ನೂ ಯಾರೂ ಹಿಡಿಯುತ್ತಿರಲಿಲ್ಲ. ಬಾಯಿ ತೆರೆ ಎಂದು ದೂರದಿಂದಲೇ ನೋಡಿ ಚೀಟಿ ಎಸೆಯುತ್ತಿದ್ದರು. ಈ ನರ್ಸಮ್ಮ ಬಾಯಿ ತುಂಬ ಬಯ್ಯುತ್ತಿದ್ದಳು, ಆದರೆ ಮುಟ್ಟುತ್ತಿದ್ದಳು. ನನ್ನ ಮಗ ಹುಟ್ಟಿದ್ದು ಅವಳ ಕೈಯಲ್ಲಿ. ಆಮೇಲೆ ಇಪ್ಪತ್ತು ವರ್ಷ, ಕೇರಿಯಲ್ಲಿ ಯಾರಿಗೆ ನೋವು ಬಂದರೂ ನೀರು ಕಾಯಿಸಲು, ಕಾಲು ಹಿಡಿಯಲು ನನ್ನನ್ನೇ ಕೂಗುತ್ತಿದ್ದಳು. ನೋಡಿ ನೋಡಿ ನನಗೂ ಕೈ ಪಳಗಿತು.

ಹೊಸ ದೇಶದವರು ಬರುವ ಸುದ್ದಿ ತಂದದ್ದು ಜಿಲ್ಲೆಯ ಅಧಿಕಾರಿ. ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿಕೊಂಡು ತನ್ನ ಜೊತೆಯವರಿಗೆ ಹೇಳುತ್ತಿದ್ದ. ನಾವು ಚರಂಡಿಯೊಳಗೆ ನಿಂತು ಕೇಳಿಸಿಕೊಂಡೆವು.

"ಇವರು ಒಂದು ಪ್ರಶ್ನೆ ಕೇಳಲ್ಲ ಕಣ್ರೀ. ವರದಿ ಕೊಡಿ ಅನ್ನಲ್ಲ, ಕಮಿಟಿ ಮಾಡಿ ಅನ್ನಲ್ಲ, ಆ ಕಮಿಟಿಗೆ ಹೆಂಗಸರನ್ನ ತುಂಬಿ ಅನ್ನಲ್ಲ. ಎಲ್ಲಿ ಕಟ್ಟಬೇಕು ಅಂತ ಒಂದೇ ಕೇಳಿದ್ರು. ಇಲ್ಲಿ ಅಂದೆ."

ನಮ್ಮನ್ನೂ ಅವರು ಏನೂ ಕೇಳಲಿಲ್ಲ. ತುದಿಯ ದವಾಖಾನೆಯೊಂದನ್ನು ಬಿಟ್ಟು ಬುಲ್ಡೋಜರ್ ಎರಡು ದಿನ ಓಡಾಡಿತು. ನಮ್ಮ ಎಂಬತ್ತು ಮನೆ ಕಸದ ಗುಡ್ಡದ ಬುಡಕ್ಕೆ ಹೋದವು. ನಡುವೆ ಎದ್ದ ಕಾಂಪೌಂಡು ಎಷ್ಟು ಚೆನ್ನಾಗಿತ್ತೆಂದರೆ ಆಚೆಯಿಂದ ನೋಡಿದವರಿಗೆ ಇತ್ತ ಏನೋ ಇದೆಯೆಂದೇ ತೋರುತ್ತಿರಲಿಲ್ಲ. ಸಿಮೆಂಟು, ಕಬ್ಬಿಣ, ಮೊಳೆ, ಮೊಳೆ ಹೊಡೆಯುವವರು, ಅವರಿಗೆ ಅಡುಗೆ ಮಾಡುವವನು, ಎಲ್ಲ ಅವರದೇ ಹಡಗಿನಲ್ಲಿ ಬಂತು. ನಮ್ಮ ಗಂಡಸರಿಗೆ ಸಿಕ್ಕಿದ್ದು ಸಿಮೆಂಟಿನ ಚೀಲ ಇಳಿಸುವ ಕೆಲಸ. ನನ್ನ ಗಂಡ ಏಳು ತಿಂಗಳು ಚೀಲ ಹೊತ್ತು ಕೆಮ್ಮು ಹಿಡಿಸಿಕೊಂಡ. ಆಸ್ಪತ್ರೆ ತೆರೆಯಲಿ, ಮೊದಲು ನಾನೇ ಹೋಗಿ ತೋರಿಸುತ್ತೇನೆ ಎನ್ನುತ್ತಿದ್ದ. ಅವನ ಮಟ್ಟಿಗೆ ಅದು ನ್ಯಾಯವೇ.

ಹನ್ನೊಂದು ತಿಂಗಳಲ್ಲಿ ಕಟ್ಟಡ ನಿಂತಿತು. ಇಷ್ಟು ದೊಡ್ಡ ಆಸ್ಪತ್ರೆ ಇರುವಾಗ ಎರಡು ಕೋಣೆಯದು ಯಾಕೆ ಎಂದು ಹಳೇ ದೇಶದವರು ಒಂದು ಕಾಗದ ಅಂಟಿಸಿ ದವಾಖಾನೆಗೆ ಬೀಗ ಹಾಕಿದರು. ಆ ಒಂದು ಸಲ ಅವರೂ ನಮ್ಮನ್ನು ಏನೂ ಕೇಳಲಿಲ್ಲ. ನರ್ಸಮ್ಮ ತನ್ನ ಊರಿಗೆ ಹೋದಳು. ನನ್ನ ಮಗ ಬಂದರಿನಲ್ಲಿ ಹಮಾಲಿ. ಮೂರು ತಿಂಗಳಿಗೊಮ್ಮೆ ಬರುತ್ತಾನೆ. ಈಗ ಹಳೇ ದೇಶದವರೂ ಅಲ್ಲಿ ಏನೋ ದೊಡ್ಡದಾಗಿ ಕಟ್ಟಿಸುತ್ತಿದ್ದಾರಂತೆ, ಹೊಸಬರನ್ನು ನೋಡಿ ಕಲಿತರಂತೆ ಎಂದು ಅವನೇ ಹೇಳಿದ.

ಹೀಗೆ ಬೀಗ ಹಾಕಿದ ಒಂದು ದವಾಖಾನೆ, ಬೀಗ ತೆಗೆಯದ ಒಂದು ಆಸ್ಪತ್ರೆ ನಮ್ಮ ಪಾಲಿಗೆ ಉಳಿದವು. ಆ ಎಂಟು ತಿಂಗಳಲ್ಲಿ ಕೇರಿಯಲ್ಲಿ ಹದಿಮೂರು ಹೆರಿಗೆಯಾದವು. ಹನ್ನೊಂದು ನನ್ನ ಕೈಯಲ್ಲೇ ಹೇಗೋ ಆದವು. ಇಬ್ಬರನ್ನು ದೊಡ್ಡ ಊರಿಗೆ ಲಾರಿಯಲ್ಲಿ ಹಾಕಿ ಕಳಿಸಿದೆವು. ಅವರು ಲಾರಿಯಲ್ಲೇ ವಾಪಸು ಬಂದರು, ಬಟ್ಟೆ ಮುಚ್ಚಿಕೊಂಡು.

ಕಟ್ಟಿದವರೆಲ್ಲ ಹಡಗು ಹತ್ತಿ ಹೋದರೂ ಯಂತ್ರಗಳನ್ನು ನೋಡಿಕೊಳ್ಳಲು ಹೊಸ ದೇಶದವರು ಒಬ್ಬನನ್ನು ಬಿಟ್ಟು ಹೋಗಿದ್ದರು. ನಾವು ಕರೆಂಟಿನವನು ಎನ್ನುತ್ತಿದ್ದೆವು. ಇಡೀ ಕಟ್ಟಡದಲ್ಲಿ ರಾತ್ರಿ ಮಲಗುವವನು ಅವನೊಬ್ಬ. ಅವನಿಗೂ ಹಾಸಿಗೆ ಕೊಟ್ಟಿರಲಿಲ್ಲ, ಜನರೇಟರ್ ಕೋಣೆಯಲ್ಲಿ ರಟ್ಟು ಹಾಸಿಕೊಂಡು ಮಲಗುತ್ತಿದ್ದ. ನಮ್ಮ ಭಾಷೆಯಲ್ಲಿ ಅವನಿಗೆ ಗೊತ್ತಿದ್ದ ಮಾತುಗಳೆಲ್ಲ ಕೂದಲಪ್ಪನ ಬಾಯಿಂದ ಕಲಿತವು. ಬೆಳಗ್ಗೆ ನಮ್ಮನ್ನು ಕಂಡೊಡನೆ ಎದೆಗೆ ಕೈಯಿಟ್ಟು ತಲೆ ಬಾಗಿಸಿ, "ಲೌಡಿಗಳಾ, ಚೆನ್ನಾಗಿದೀರಾ," ಎನ್ನುತ್ತಿದ್ದ. ಅಷ್ಟು ಮರ್ಯಾದೆಯಿಂದ ನಮ್ಮನ್ನು ಯಾರೂ ಮಾತಾಡಿಸಿದ್ದಿಲ್ಲ. ನಾವು ತಿದ್ದಲು ಹೋಗಲಿಲ್ಲ.

ಸೊಸೆಯ ಕಾಲು ಊದತೊಡಗಿದ್ದು ಆಗಲೇ. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಕಣ್ಣಿಗೆ ಮಿಂಚು ಹುಳ ಓಡಿದ ಹಾಗಾಗುತ್ತದೆ ಅತ್ತೆ ಎಂದಳು. ಇದು ನನ್ನ ಕೈಯಲ್ಲಾಗುವ ಕೆಲಸವಲ್ಲ ಎಂದು ನನಗೆ ಗೊತ್ತಾಯಿತು. ಅದೇ ವಾರ ಅಧಿಕಾರಿ ಹೆರಿಗೆ ವಾರ್ಡಿಗೆ ಬಂದಿದ್ದ. ಕರೆಂಟಿನವನು ಹೊಟ್ಟೆಯೊಳಗಿನ ಮಗುವನ್ನು ತೋರಿಸುವ ಯಂತ್ರವನ್ನು ಹಚ್ಚಿ ಪರೀಕ್ಷೆ ಮಾಡುತ್ತಿದ್ದ. ಪರದೆ ಬೆಳಗುತ್ತಿತ್ತು. ನಾನು ಒರೆಸುವ ಬಟ್ಟೆ ಕೆಳಗಿಟ್ಟು ಎದ್ದು ನಿಂತೆ. ಯಂತ್ರ ಹೇಗೂ ಹತ್ತಿದೆ, ನನ್ನ ಸೊಸೆಯನ್ನು ಒಂದು ಸಲ ನೋಡಿಸಿ ಸಾಹೇಬರೆ, ಹೆಜ್ಜೆ ಗುರುತು ಉಳಿಯದ ಹಾಗೆ ನಾವೇ ಒರೆಸುತ್ತೇವೆ ಎಂದೆ.

ಅಧಿಕಾರಿ ನನ್ನನ್ನು ನೋಡಲಿಲ್ಲ. ಕೂದಲಪ್ಪನನ್ನು ನೋಡಿದ.

"ಇದಕ್ಕೆ ತಿಳಿಸಿ ಹೇಳಯ್ಯ. ಉದ್ಘಾಟನೆ ಆಗೋ ತನಕ ಇದು ಆಸ್ಪತ್ರೆ ಅಲ್ಲ. ಕಟ್ಟಡ."

ಅಧಿಕಾರಿ ಹೊರಗೆ ಹೋದ ಮೇಲೆ ಕೂದಲಪ್ಪ ನನ್ನ ಬಕೆಟ್ಟನ್ನು ಒದ್ದ. ನೀರು ಚೆಲ್ಲಿತು. ಅದನ್ನು ಒರೆಸಿದೆ.

ನಾಲ್ಕನೆಯ ಸಲ ದಿನ ಗಟ್ಟಿಯಾಯಿತು. ಮಂತ್ರಿ ಬರುವುದು ಖಂಡಿತ ಎಂದು ಹೂಕುಂಡಗಳು ಬಂದಾಗ ನಂಬಿದೆವು. ಆದರೆ ಅಧಿಕಾರಿಗೆ ಒಂದು ತೊಂದರೆ ಎದುರಾಯಿತು. ಆಸ್ಪತ್ರೆ ಎಂದರೆ ಮಂತ್ರಿಗೆ ತೋರಿಸಲು ರೋಗಿಗಳು ಬೇಕು. ಕುಳ್ಳಕ್ಕ ನಮ್ಮೈವರಲ್ಲಿ ಗಟ್ಟಿ ಬಾಯಿಯವಳು. ಕೇರಿಯಲ್ಲಿ ಬೇಕಾದಷ್ಟಿದ್ದಾರೆ ಸಾಹೇಬರೆ, ಕೆಮ್ಮಿನವರಿದ್ದಾರೆ, ಕಾಲು ಕೊಳೆತವರಿದ್ದಾರೆ, ಎಷ್ಟು ಬೇಕು ಹೇಳಿ ಎಂದಳು. ಅಧಿಕಾರಿ ಮೂಗಿಗೆ ಕರ್ಚೀಫು ಹಿಡಿದು, ನೋಡಲು ಚೆನ್ನಾಗಿರುವ ರೋಗಿಗಳು ಬೇಕು ಎಂದ. ಕಡೆಗೆ ಪಟ್ಟಣದ ಕಚೇರಿಗಳಿಂದ ಗುಮಾಸ್ತರ ಅಣ್ಣ ತಮ್ಮಂದಿರು, ಅತ್ತಿಗೆ ನಾದಿನಿಯರು ಎರಡು ಬಸ್ಸಿನಲ್ಲಿ ಬಂದರು. ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ಅವರಿಗೆ ಹಸಿರು ಅಂಗಿ ತೊಡಿಸಿ ಒಂದು ದಿನ ಮಲಗುವ ಅಭ್ಯಾಸ ಮಾಡಿಸಿದರು. ಕೆಲವರಿಗೆ ಕಾಲಿಗೆ ಬ್ಯಾಂಡೇಜು ಸುತ್ತಿದರು. ಒಬ್ಬ ತನಗೂ ಸುತ್ತಿ ಎಂದು ಹಟ ಹಿಡಿದ.

ಹೆರಿಗೆ ಕೋಣೆಗೆ ಒಬ್ಬ ಗುಮಾಸ್ತನ ತಂಗಿ ಗೊತ್ತಾದಳು. ಅವಳಿಗೆ ನಾಲ್ಕು ತಿಂಗಳ ಕೂಸಿತ್ತು. ಅದನ್ನು ಆ ಬೆಳಗ್ಗೆ ಅಲ್ಲೇ ಹುಟ್ಟಿದ್ದು ಎಂದು ತೋರಿಸುವುದು ಎಂದಾಯಿತು. ಕೂಸು ಕೊಬ್ಬಿ ಕೊಬ್ಬಿ ಎರಡು ಹಲ್ಲು ಬರುವ ಹಾಗಿತ್ತು. ಮಂತ್ರಿಗೆ ವಯಸ್ಸಾಗಿದೆ, ಅಷ್ಟೆಲ್ಲ ಗಮನಿಸುವುದಿಲ್ಲ ಎಂದು ಅಧಿಕಾರಿ ಧೈರ್ಯ ಹೇಳಿದ.

ಆ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಕೊನೆಯ ಸಲ ಒರೆಸಿ ಮುಗಿಸಿದೆವು. ಕೂದಲಪ್ಪ ನಮ್ಮೈವರನ್ನು ನೆಲ ಮಹಡಿಯ ಕಸಬರಿಗೆ ಕೋಣೆಗೆ ಕರೆದೊಯ್ದ. ಬಕೆಟ್ಟು, ಫಿನಾಯಿಲು, ಒಂದು ಗೋಡೆ ತುಂಬ ಕರೆಂಟಿನ ಸ್ವಿಚ್ಚಿನ ಪೆಟ್ಟಿಗೆ.

"ಸಂಜೆ ತನಕ ಇಲ್ಲೇ ಬಿದ್ದಿರಿ. ನಿಮ್ಮ ದರಿದ್ರ ಮುಖ ಅವರ ಕಣ್ಣಿಗೆ ಬಿದ್ರೆ ನಿಮ್ಮನ್ನ ಹುಗಿದುಬಿಡ್ತೀನಿ," ಎಂದು ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ.

ಸೊಸೆ ಬಕೆಟ್ಟು ಬೋರಲು ಹಾಕಿ ಕೂತಿದ್ದಳು. ಹೊರಗೆ ಮೈಕಿನಲ್ಲಿ ಭಾಷಣ ಶುರುವಾದದ್ದು ಕೇಳಿಸಿತು. ಮಂತ್ರಿ ಒಂದು ಮಾತು ಆಡುತ್ತಿದ್ದ, ದುಭಾಷಿ ಅದನ್ನು ನಮ್ಮ ಭಾಷೆಗೆ ತಿರುಗಿಸುತ್ತಿದ್ದ. ನಾವೂ ಬಡವರಾಗಿದ್ದೆವು, ನಮಗೂ ದೊಡ್ಡ ದೇಶಗಳು ಪಾಠ ಹೇಳಿದವು, ನಾವು ಯಾರಿಗೂ ಪಾಠ ಹೇಳುವುದಿಲ್ಲ, ಅಣ್ಣ ತಮ್ಮನಿಗೆ ಕೊಡುವ ಹಾಗೆ ಏನೂ ಕೇಳದೆ ಕೊಡುತ್ತೇವೆ. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಸೊಸೆಯ ಕಾಲ ಕೆಳಗೆ ನೀರು ಹರಿಯಿತು. ಅವಳು ಮೊದಲು ಮಾಡಿದ್ದು ಬಟ್ಟೆಗೆ ಕೈ ಹಾಕಿ ಅದನ್ನು ಒರೆಸಲು ಬಗ್ಗಿದ್ದು.

"ಬಿಡೇ," ಎಂದೆ. "ಒರೆಸ್ಬೇಡ."

ಬಾಗಿಲು ಬಡಿದೆವು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವಳ ಮುಖ ಊದಿ ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು. ಕುಳ್ಳಕ್ಕ ತನ್ನ ಮೈಮೇಲಿನ ಬಟ್ಟೆಯ ತುದಿಯನ್ನು ಸುರುಳಿ ಮಾಡಿ ಅವಳ ಹಲ್ಲಿನ ನಡುವೆ ಇಟ್ಟಳು. ಅರ್ಧ ಗಂಟೆ ಹೀಗೆ ಹೋಗಿರಬೇಕು. ಇದ್ದಕ್ಕಿದ್ದ ಹಾಗೆ ಮೈಕು ನಿಂತಿತು, ಕೋಣೆಯ ದೀಪವೂ ಹೋಯಿತು. ಯಾರೋ ಓಡಿ ಬಂದು ಚಿಲಕ ತೆಗೆದರು. ಕರೆಂಟಿನವನು. ಸ್ವಿಚ್ಚಿನ ಪೆಟ್ಟಿಗೆ ನೋಡಲು ಬಂದಿದ್ದ ಅವನು ಕೈದೀಪವನ್ನು ನೆಲದ ಮೇಲೆ ಹಾಯಿಸಿ ಹಾಗೇ ನಿಂತ.

"ಲೌಡಿ," ಎಂದ ಮೆತ್ತಗೆ, ನನ್ನ ಸೊಸೆಗೆ. ಹೆಂಗಸರನ್ನು ಕರೆಯಲು ಅವನ ಹತ್ತಿರ ಇದ್ದ ಮಾತು ಅದೊಂದೇ.

ಅವನು ಪೆಟ್ಟಿಗೆಯನ್ನು ಮುಟ್ಟಿ ದೀಪ ಬರಿಸಿದ. ಮೈಕನ್ನು ಸರಿ ಮಾಡಲಿಲ್ಲ. ಓಡಿಹೋಗಿ ಚಕ್ರದ ಮಂಚ ತಂದ. ನಾಲ್ವರು ಹೆಂಗಸರು, ಅವನೊಬ್ಬ, ಅವಳನ್ನು ಎತ್ತಿ ಮಲಗಿಸಿ ಕಾರಿಡಾರಿನಲ್ಲಿ ತಳ್ಳಿಕೊಂಡು ಓಡಿದೆವು. ನಾವೇ ಉಜ್ಜಿದ ನೆಲದಲ್ಲಿ ಕುಳ್ಳಕ್ಕ ಎರಡು ಸಲ ಜಾರಿ ಬಿದ್ದಳು. ಆ ಲಿಫ್ಟಿನಲ್ಲಿ ಮೊದಲು ಹತ್ತಿದ್ದು ನಾವು.

ಹೆರಿಗೆ ಕೋಣೆಯಲ್ಲಿ ಇದ್ದದ್ದು ಒಂದೇ ಮೇಜು. ಅದರ ಮೇಲೆ ದೊಡ್ಡ ದೀಪದ ಕೆಳಗೆ ಗುಮಾಸ್ತನ ತಂಗಿ ಹಸಿರು ಅಂಗಿ ತೊಟ್ಟು ಮಲಗಿದ್ದಳು, ಪಕ್ಕದಲ್ಲಿ ಕೂಸು. ಬಿಳಿ ಕೋಟಿನ ಒಬ್ಬ ಹುಡುಗ ಡಾಕ್ಟರ್ ಮಂತ್ರಿಯ ದಾರಿ ಕಾಯುತ್ತ ನೆಟ್ಟಗೆ ನಿಂತಿದ್ದ.

"ಏಳಮ್ಮಾ," ಎಂದೆ. "ಇಲ್ಲಿ ನಿಜವಾಗ್ಲೂ ಬೇಕಾಗಿದೆ."

ಅವಳು ನನ್ನ ಸೊಸೆಯ ಮುಖ ನೋಡಿದಳು. ನಾಲ್ಕು ತಿಂಗಳ ಹಿಂದೆ ತಾನೇ ಹೆತ್ತವಳು. ಕೂಸನ್ನು ಎತ್ತಿಕೊಂಡು ಕೆಳಗಿಳಿದಳು, ತಲೆಯ ಕೆಳಗಿನ ದಿಂಬನ್ನು ತಾನೇ ಸರಿ ಮಾಡಿ ಕೊಟ್ಟಳು. ನಾನು ಡಾಕ್ಟರನ ಕಡೆ ತಿರುಗಿದೆ. ಅವನು ಗೋಡೆಗೆ ಅಂಟಿದ್ದ.

"ನಾನು ಹಲ್ಲಿನ ಡಾಕ್ಟರು," ಎಂದ. "ಇವತ್ತಿಗೆ ಅಂತ ಕರೆಸಿದಾರೆ."

ಹಾಗಾದರೆ ದೀಪ ಹಿಡಿ ಎಂದೆ. ಹಿಡಿದ. ಅದಷ್ಟೇ ಅಲ್ಲ, ಅವಳಿಗೆ ಫಿಟ್ಸು ಬರುವ ಹಾಗಿದೆ ಎಂದು ಅವನಿಗೆ ಹೊಳೆಯಿತು. ಓದಿದ್ದು ನೆನಪಿಸಿಕೊಂಡು ಕಪಾಟು ಹುಡುಕಿದ. ಅದರಲ್ಲಿ ಜೋಡಿಸಿಟ್ಟ ಔಷಧಿ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದ. ಎಲ್ಲ ಖಾಲಿ, ಸಾಲಾಗಿ ಕಾಣಲಿ ಎಂದು ಇಟ್ಟದ್ದು. ಒಂದರಲ್ಲಿ ಮಾತ್ರ ಏನೋ ಇತ್ತು, ಅದರ ಮೇಲಿನ ಅಕ್ಷರ ಹೊಸ ದೇಶದ್ದು. ಕರೆಂಟಿನವನು ಅದನ್ನು ಗಟ್ಟಿಯಾಗಿ ಓದಿದ. ಅವನು ಓದಿದ್ದು ನಮಗ್ಯಾರಿಗೂ ಅರ್ಥವಾಗಲಿಲ್ಲ. ಅದನ್ನು ಕೊಡದೆ ಹಾಗೇ ಬಿಟ್ಟೆವು.

ಮಗು ಬಂತು. ಅಳಲಿಲ್ಲ. ಕಾಲು ಹಿಡಿದು ಬೆನ್ನು ತಟ್ಟಿದೆ, ಬಾಯಿಗೆ ಬೆರಳು ಹಾಕಿ ಲೋಳೆ ತೆಗೆದೆ. ನರ್ಸಮ್ಮ ಬಯ್ಯುತ್ತಿದ್ದ ಬೈಗುಳಗಳನ್ನೆಲ್ಲ ಅದಕ್ಕೆ ಬಯ್ದೆ. ಆಗ ಅತ್ತಿತು. ಹೆಣ್ಣು.

ಹೊಕ್ಕುಳ ಬಳ್ಳಿ ಇನ್ನೂ ನನ್ನ ಕೈಯಲ್ಲಿತ್ತು, ಬಾಗಿಲು ತೆರೆದು ಮಂತ್ರಿ, ಅಧಿಕಾರಿ, ದುಭಾಷಿ, ಕ್ಯಾಮೆರಾದವರು ಒಳಗೆ ಬಂದರು. ಕೂದಲಪ್ಪ ಹಿಂದಿನಿಂದ ಇಣುಕಿ ನೆಲ ನೋಡಿದ. ನೆಲವೆಲ್ಲ ರಕ್ತ. ಅವನ ಮುಖ ಸತ್ತವರ ಮುಖವಾಯಿತು.

ಅಧಿಕಾರಿ ಅರೆಗಳಿಗೆ ಮಾತ್ರ ತಡವರಿಸಿದ. ಆಮೇಲೆ ನಗುತ್ತ, ಇದು ನಿಮ್ಮ ಆಸ್ಪತ್ರೆಯ ಮೊದಲ ಕೂಸು ಎಂದು ಪರಿಚಯ ಮಾಡಿಕೊಟ್ಟ. ಮಂತ್ರಿ ಗುಮಾಸ್ತನ ತಂಗಿಯ ತೋಳಿನಲ್ಲಿದ್ದ ಕೂಸನ್ನು ನೋಡಿ, ನನ್ನ ಕೈಯಲ್ಲಿದ್ದದ್ದನ್ನು ನೋಡಿ ಏನೋ ಕೇಳಿದ. ಅವಳಿ ಎಂದು ಅಧಿಕಾರಿ ಹೇಳಿದ.

ಮಂತ್ರಿ ಮುದುಕ. ಕೆಟ್ಟವನೆಂದು ನನಗೆ ಅನ್ನಿಸಲಿಲ್ಲ. ಮೇಜಿನ ಹತ್ತಿರ ಬಂದು, ರಕ್ತಕ್ಕೆ ಹೇಸದೆ, ಸೊಸೆಯ ಹಣೆ ಮುಟ್ಟಿದ. ಅವನ ಕಣ್ಣಲ್ಲಿ ನೀರಿತ್ತು. ದುಭಾಷಿ ನನಗೆ ತಿಳಿಸಿದ: ಇವರ ತಾಯಿ ಇವರನ್ನು ಹೆತ್ತದ್ದು ದನದ ಕೊಟ್ಟಿಗೆಯಲ್ಲಿ. ಡಾಕ್ಟರಿಲ್ಲದೆ ಇವರ ಇಬ್ಬರು ತಂಗಿಯರು ಸತ್ತರು. ನಿಮ್ಮನ್ನು ನೋಡಿ ಅವರಿಗೆ ಸಂತೋಷವಾಗಿದೆ. ನಿಮಗೆ ಏನಾದರೂ ಹೇಳುವುದಿದೆಯೆ.

ಅಧಿಕಾರಿ ನನ್ನ ಕಿವಿಯ ಹತ್ತಿರ ಬಗ್ಗಿ, "ಕೈ ಮುಗಿದು ಸುಮ್ಮನಿರು, ಬೋಸುಡಿ," ಎಂದ.

ನನ್ನ ಕೈ ಎರಡೂ ಮಗುವಿನಲ್ಲಿದ್ದವು. ಮುಗಿಯಲು ಆಗುತ್ತಿರಲಿಲ್ಲ.

"ಇವರು ಏನೂ ಕೇಳದೆ ಕೊಡ್ತಾರಂತೆ, ಮೈಕಲ್ಲಿ ಕೇಳಿಸ್ತು," ಎಂದೆ ದುಭಾಷಿಗೆ. "ಒಂದೇ ಒಂದು ಕೇಳೋಕೆ ಹೇಳಿ. ನಾಳೆ ಇಲ್ಲಿ ಡಾಕ್ಟರು ಇರ್ತಾರಾ ಅಂತ, ಈ ಸಾಹೇಬರನ್ನ ಕೇಳಲಿ."

ದುಭಾಷಿ ಅಧಿಕಾರಿಯನ್ನು ನೋಡಿದ. ಆಮೇಲೆ ಮಂತ್ರಿಗೆ ಒಂದು ಸಣ್ಣ ಮಾತು ಹೇಳಿದ. ನಾನು ಹೇಳಿದ್ದಕ್ಕಿಂತ ಬಹಳ ಸಣ್ಣದು. ಮಂತ್ರಿ ಎದೆಯ ಮೇಲೆ ಕೈಯಿಟ್ಟು ನನಗೆ ತಲೆ ಬಾಗಿದ. ಬಾಗಿಲ ಹತ್ತಿರ ನಿಂತಿದ್ದ ಕರೆಂಟಿನವನು ತನ್ನ ಭಾಷೆಯಲ್ಲಿ ಏನೋ ಹೇಳಲು ಬಾಯಿ ತೆರೆದ. ಅವನ ದೇಶದವನೇ ಒಬ್ಬ ಅವನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದ. ಅವನನ್ನು ಮತ್ತೆ ನಾವು ನೋಡಲಿಲ್ಲ. ಅದೇ ಸಂಜೆಯ ಕಾರಿನಲ್ಲಿ ಹಡಗಿಗೆ ಕಳಿಸಿದರೆಂದು ಆಮೇಲೆ ಗೊತ್ತಾಯಿತು.

ನಾಲ್ಕು ಗಂಟೆಗೆ ಎಲ್ಲ ಮುಗಿಯಿತು. ರೋಗಿಗಳು ಬ್ಯಾಂಡೇಜು ಬಿಚ್ಚಿಟ್ಟು ಬಸ್ಸು ಹತ್ತಿದರು. ಹೂಕುಂಡಗಳು ಲಾರಿ ಹತ್ತಿದವು. ಆ ದಿನಕ್ಕೆಂದು ಬಿಳಿ ಕೋಟು ತೊಟ್ಟು ಬಂದವರೂ ಹೋದರು. ಹಲ್ಲಿನವನು ಹೋಗುವಾಗ, ಇವಳಿಗೆ ದೊಡ್ಡ ಡಾಕ್ಟರು ಬೇಕು, ಜ್ವರ ಬಂದರೆ ಕಷ್ಟ ಎಂದು ನೆಲ ನೋಡಿಕೊಂಡು ಹೇಳಿ ಹೋದ. ಗುಮಾಸ್ತನ ತಂಗಿ ತನ್ನ ಕೂಸಿನ ಟೊಪ್ಪಿಗೆಯನ್ನು ನನ್ನ ಮೊಮ್ಮಗಳಿಗೆ ಹಾಕಿ ಹೋಗಿದ್ದಳು. ಅದು ಕಣ್ಣು ಮುಚ್ಚುವಷ್ಟು ದೊಡ್ಡದಾಗಿತ್ತು.

ಕೂದಲಪ್ಪ ಬಂದು ಖಾಲಿ ಮಾಡಿ ಎಂದ. ಸೊಸೆ ಏಳುವ ಸ್ಥಿತಿಯಲ್ಲಿಲ್ಲ ಎಂದೆ. ಉದ್ಘಾಟನೆ ಆಯಿತಲ್ಲ, ಈಗ ಇದು ಆಸ್ಪತ್ರೆ ತಾನೆ ಎಂದೂ ಕೇಳಿದೆ.

"ಇವತ್ತು ಆಗಿದ್ದು ಹಸ್ತಾಂತರ ಕಣೇ. ಅವರು ನಮಗೆ ಕೊಟ್ಟಿದ್ದು. ಉದ್ಘಾಟನೆ ಬೇರೆ. ಅದಕ್ಕೆ ನಮ್ಮ ದೇಶದ ಅಧ್ಯಕ್ಷರು ಬರ್ಬೇಕು," ಎಂದ.

"ಯಾವಾಗ ಬರ್ತಾರೆ?"

"ನನ್ನನ್ನ ಕೇಳಿ ಬರ್ತಾರಾ? ಎಬ್ಬಿಸು ಅವಳನ್ನ. ರಕ್ತ ಒಣಗೋಕೆ ಮುಂಚೆ ನೆಲ ಉಜ್ಜಬೇಕು."

ಅವನು ಸೊಸೆಯ ಕೆಳಗಿನ ಬಟ್ಟೆಯನ್ನು ಎಳೆಯಲು ಕೈ ಹಾಕಿದ. ಕುಳ್ಳಕ್ಕ ಅವನ ಮಣಿಕಟ್ಟು ಹಿಡಿದಳು. ಅವಳು ಮೂವತ್ತು ವರ್ಷ ಗುಂಡಿಯಿಂದ ಬಕೆಟ್ಟು ಮೇಲೆತ್ತಿದವಳು. ಅವನು ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಅವನನ್ನು ಹಾಗೇ ನಡೆಸಿಕೊಂಡು ಹೋಗಿ ಲಿಫ್ಟಿನಲ್ಲಿ ನಿಲ್ಲಿಸಿ ಗುಂಡಿ ಒತ್ತಿದಳು. ವಾಪಸು ಬಂದು, "ಕೇರಿಗೆ ಹೋಗಿ ಬರ್ತೀನಿ," ಎಂದಳು.

ಹೊತ್ತು ಮುಳುಗುವ ಮೊದಲೇ ಜನ ಬಂದರು. ಒಬ್ಬೊಬ್ಬರಾಗಿ, ತಪ್ಪು ಮಾಡಿದವರ ಹಾಗೆ, ಗೋಡೆ ಹಿಡಿದುಕೊಂಡು. ನನ್ನ ಗಂಡ ಬಾಗಿಲಲ್ಲಿ ನಿಂತು ಕೆಮ್ಮು ಮುಗಿಸಿಕೊಂಡು ಒಳಗೆ ಬಂದ. ಎಲ್ಲಿ ಮಲಗಬೇಕು ಎಂದು ನಮ್ಮನ್ನು ಕೇಳಿದರು. ಎಲ್ಲಿ ಬೇಕಾದರೂ ಎಂದೆವು. ಕಾಲು ಕೊಳೆತ ಮುದುಕಿ ಹಾಸಿಗೆಯ ಮೇಲೆ ಕೂರದೆ ಅದರ ಪಕ್ಕ ನೆಲದ ಮೇಲೆ ಕೂತಳು. ಅವಳನ್ನು ಎತ್ತಿ ಮಲಗಿಸಬೇಕಾಯಿತು. ಸಂಜೆಯ ಹೊತ್ತಿಗೆ ಮೂವತ್ತೆಂಟು ಜನ ಇದ್ದರು; ಮಾರನೆಯ ಮಧ್ಯಾಹ್ನ ನೂರು ದಾಟಿತು. ನಮ್ಮ ಕೇರಿಯವರಲ್ಲದವರೂ ಬಂದರು, ಇಟ್ಟಿಗೆ ಗೂಡಿನವರು, ಲಾರಿ ತೊಳೆಯುವವರು. ಆಸ್ಪತ್ರೆ ತೆರೆದಿದೆಯಂತೆ ಎಂದು ಕೇಳಿದರು. ಹೌದು ಎಂದೆವು.

ಡಾಕ್ಟರು ಯಾರೂ ಇರಲಿಲ್ಲ. ಔಷಧಿ ಇರಲಿಲ್ಲ. ಎರಡನೆಯ ದಿನ ನೀರು ನಿಲ್ಲಿಸಿದರು, ಆಮೇಲೆ ಕರೆಂಟು. ಅರವತ್ತು ಕಕ್ಕಸುಗಳನ್ನೂ ಜನ ಉಪಯೋಗಿಸಿದರು. ನಾವು ಕಸದ ಗುಡ್ಡದ ಬೋರಿನಿಂದ ಕೊಡದಲ್ಲಿ ನೀರು ಹೊತ್ತು ತೊಳೆದೆವು. ಸೊಸೆಗೆ ಆ ದಿನವೇ ಜ್ವರ ಏರಿತು. ಹಾಲು ಬರಲಿಲ್ಲ. ಮಗುವನ್ನು ಇಟ್ಟಿಗೆ ಗೂಡಿನ ಒಬ್ಬ ಬಾಣಂತಿ ಎದೆಗೆ ಹಾಕಿಕೊಂಡಳು. ಸೊಸೆ ಜ್ವರದಲ್ಲಿ ಏನೇನೋ ಹೇಳುತ್ತಿದ್ದಳು. ನಡುವೆ ಒಮ್ಮೆ ಕಣ್ಣು ಬಿಟ್ಟು, "ಅತ್ತೆ, ಇದು ಯಾರ ಮನೆ," ಎಂದು ಕೇಳಿದಳು. ನಮ್ಮದೇ ಎಂದೆ.

ಮೂರನೆಯ ದಿನ ಬೆಳಗ್ಗೆ, ಸೊಸೆಯ ಜ್ವರ ಇನ್ನೂ ಇಳಿಯದಿದ್ದಾಗ, ಎರಡು ಪೊಲೀಸ್ ವ್ಯಾನು ಬಂದವು. ಹಿಂದೆ ಅಧಿಕಾರಿಯ ಜೀಪು. ಅಧಿಕಾರಿ ಇಳಿಯದೆ ಗಾಜು ಇಳಿಸಿ ಕೂತಿದ್ದ. ಪೊಲೀಸಿನವನು ಮೈಕು ಹಿಡಿದು, ಕಟ್ಟಡವನ್ನು ಹತ್ತು ನಿಮಿಷದಲ್ಲಿ ಖಾಲಿ ಮಾಡಬೇಕು, ಇದು ಎರಡು ದೇಶಗಳ ಸ್ನೇಹದ ಪ್ರಶ್ನೆ ಎಂದ. ಒಳಗೆ ಎಲ್ಲರೂ ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ನಮ್ಮನ್ನು ಕೇಳಿದ ಪ್ರಶ್ನೆಗಳೆಲ್ಲಕ್ಕೂ ನಾನು ಉತ್ತರ ಕೊಟ್ಟಿದ್ದೇನೆ. ಇದಕ್ಕೆ ಕೊಡಲಿಲ್ಲ.

ಕುಳ್ಳಕ್ಕ ಮುದುಕಿಯ ಮಂಚಕ್ಕೆ ಕೈ ಹಚ್ಚಿದಳು. ಕೆಳಗಿನ ವಾರ್ಡಿನ ಮಂಚಗಳಿಗೆಲ್ಲ ಚಕ್ರ ಇತ್ತು. ಮಲಗಿದವರು ಮಲಗಿದ ಹಾಗೇ ಇರಲಿ ಎಂದೆವು. ನನ್ನ ಗಂಡನದನ್ನು ನಾನು ತಳ್ಳಿದೆ. ಒಂದರ ಹಿಂದೆ ಒಂದು, ಮೂರು ಸಾಲು, ದೊಡ್ಡ ಬಾಗಿಲಿಗೆ ಅಡ್ಡ ನಿಲ್ಲಿಸಿದೆವು. ಮಲಗಿದವರು ತಲೆ ಎತ್ತಿ ಗಾಜಿನಾಚೆ ಲಾಠಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರನ್ನು ನೋಡಿದರು. ಪ್ರತಿ ಚಕ್ರದ ಮೇಲೂ ಕೆಂಪು ಬಣ್ಣದ ಸಣ್ಣ ಬ್ರೇಕು ಇತ್ತು. ಬರಿಗಾಲಲ್ಲಿ ಒಂದೊಂದನ್ನೂ ಒತ್ತಿದೆವು. ತಳ್ಳಿ ನೋಡಿದೆ. ಒಂದಿಷ್ಟೂ ಅಲ್ಲಾಡಲಿಲ್ಲ. ಸಾಮಾನು ಮಾತ್ರ ಒಳ್ಳೆಯದನ್ನೇ ಕೊಟ್ಟಿದ್ದರು.